ಹದಿನೆಂಟನೇ ಕಲಮು

ಮೊನ್ನೆ ಮದುವೆಯೊಂದಕ್ಕೆಂದು ಕಪಾಟಿನಿಂದ ಸೂಟು ಹೊರಗೆಳೆದೆ. ವರ್ಷಕ್ಕೊಮ್ಮೆ ನನ್ನನ್ನು ಗಣ್ಯನಂತೆ ತೋರಿಸುವ ಕಷ್ಟದ ಕೆಲಸ ಆ ಕಪ್ಪು ಸೂಟಿನದು. ಅದರ ಜೇಬಿನಿಂದ ಎರಡು ನುಸಿಗುಳಿಗೆಗಳು ನೆಲಕ್ಕೆ ಬಿದ್ದು ಮಂಚದ ಅಡಿಗೆ ಉರುಳಿದವು. ವಾಸನೆ ಮೂಗಿಗೆ ಹೊಡೆಯಿತು. ಅಷ್ಟೇ, ನಾನು ಉಡುಪಿಯ ನಮ್ಮ ಮನೆಯ ಕೋಣೆಯಲ್ಲಿ ಇರಲಿಲ್ಲ. ಕಾಪುವಿನ ಸಂಘದ ಕಟ್ಟಡದಲ್ಲಿ, ತೆರೆದಿಟ್ಟ ತಗಡಿನ ಪೆಟ್ಟಿಗೆಯ ಎದುರು, ಒದ್ದೆ ಪ್ಯಾಂಟು ಮಡಚಿಕೊಂಡು ಕೂತಿದ್ದೆ.

“ಎಂತ, ಮುಖ ಹಾಗೆ ಮಾಡಿದ್ದು?” ಹೆಂಡತಿ ಐರಿನ್ ಕೇಳಿದಳು.

“ಸೂಟು ಬಿಗಿ ಆಗ್ತದೆ.”

“ಅದು ನಾಚಿಕೆ ಆದಾಗಿನ ಮುಖ. ಬಿಗಿ ಆದಾಗಿನದ್ದು ಬೇರೆ ಉಂಟು.”

ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳಿಗೆ ಏನು ಹೇಳಲಿಕ್ಕಾಗುತ್ತದೆ?

ನಾಲ್ಕು ವರ್ಷದ ಹಿಂದಿನ ಮಳೆಗಾಲ ಅದು. ಆಗಲೂ ಈಗಿನಂತೆ ಮಣಿಪಾಲದಲ್ಲಿ ನನ್ನ ಉದ್ಯೋಗ ಒಂದೇ: ಡಾಕ್ಟರುಗಳು ಬರೆದದ್ದನ್ನು ರೋಗಿಗಳಿಗೆ ತಿಳಿಯುವ ಕನ್ನಡಕ್ಕೆ ಇಳಿಸುವುದು. “ಶಸ್ತ್ರಚಿಕಿತ್ಸಾಪೂರ್ವ ನಿರಾಹಾರ ಸ್ಥಿತಿಯನ್ನು ಪಾಲಿಸತಕ್ಕದ್ದು” ಎಂದು ಬಂದದ್ದು ನನ್ನ ಮೇಜಿನಿಂದ ಹೋಗುವಾಗ “ಆಪರೇಷನ್ನಿನ ದಿನ ಬೆಳಿಗ್ಗೆ ಏನೂ ತಿನ್ನಬೇಡಿ, ಚಹಾ ಸಹ ಬೇಡ” ಎಂದಾಗುತ್ತದೆ. ಆಮೇಲೆ ಮನೆಗೆ ಬಂದು, ಚಹಾ ಬೇಡ ಎಂದು ಬರೆದೆ, ಕಾಫಿ ಎಂದು ಬರೆಯಲಿಲ್ಲ, ಯಾರಾದರೂ ಕಾಫಿ ಕುಡಿದು ಹೋಗಿ ಮಲಗಿದರೆ ಏನು ಗತಿ ಎಂದು ಚಿಂತಿಸುತ್ತಾ ಕೂರುತ್ತೇನೆ. ಗ್ಯಾಸು ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಹಿಂದೆ ಬರುವ ಜಾತಿ ನನ್ನದು. ಇಂಥವನ ಕೈಗೆ ಒಂದು ಊರಿನ ಮೂಲಪತ್ರ ಕೊಟ್ಟವರ ಬುದ್ಧಿಗೆ ಏನೆನ್ನಬೇಕು?

ಕೊಟ್ಟವರು ದಾಮೋದರಣ್ಣ. ಕಾಪುವಿನ ಮೀನುಗಾರರ ಒಂದು ಹಳೆಯ ಸಂಘದ ಅಧ್ಯಕ್ಷರು, ಐಸ್ ಫ್ಯಾಕ್ಟರಿಯ ಯಜಮಾನರು. ಅವರ ಸಂಘ ಒಂದು ಕಾಲದಲ್ಲಿ ರಂಪಣಿಯ ಸಂಘ. ರಂಪಣಿ ಎಂದರೆ ಕಡಲನ್ನೇ ಸುತ್ತಿ ಬರುವಷ್ಟು ಉದ್ದದ ಬಲೆ. ದಡದಲ್ಲಿ ನಿಂತು ಅದರ ಹಗ್ಗ ಎಳೆಯುವುದಕ್ಕೆ ಊರಿಗೆ ಊರೇ ಬೇಕಾಗುತ್ತಿತ್ತು. ಯಂತ್ರದ ಬೋಟುಗಳು ಬಂದ ಮೇಲೆ ಬಲೆ ಹೋಯಿತು. ಸಂಘ ಹೋಗಲಿಲ್ಲ. ಎಳೆಯಲಿಕ್ಕೆ ಹಗ್ಗವೇ ಇಲ್ಲದ ಮೇಲೆ ಅದಕ್ಕೆ ಪುರುಸೊತ್ತು ಹೆಚ್ಚಾಯಿತು. ಒಬ್ಬರಿಗೊಬ್ಬರು ಶಾಲು ಹೊದೆಸುವುದು, ಹೊದೆಸಿದ್ದರ ಫೋಟೋವನ್ನು ಫ್ಲೆಕ್ಸ್ ಮಾಡಿ ರಸ್ತೆ ಬದಿಗೆ ಕಟ್ಟುವುದು, ಆ ಫ್ಲೆಕ್ಸಿನಲ್ಲಿ ತನ್ನ ತಲೆ ಸಣ್ಣದಾಯಿತೆಂದು ಮುನಿಸಿಕೊಂಡವರಿಗೆ ಮುಂದಿನ ವರ್ಷ ಇನ್ನೊಂದು ಶಾಲು ಹೊದೆಸುವುದು. ನೂರು ವರ್ಷ ಮೀರಿದ ಸಂಸ್ಥೆ ಹೀಗೆ ಸುಸೂತ್ರವಾಗಿ ನಡೆಯುತ್ತಿತ್ತು.

ಮೇ ತಿಂಗಳ ಕೊನೆಗೆ ಅವರು ಗೇರುಬೀಜದ ಬರ್ಫಿ ಹಿಡಿದುಕೊಂಡು ನನ್ನ ಆಫೀಸಿಗೆ ಬಂದರು.

“ನಮ್ಮ ಹಿರಿಯರು ಸಂಘ ಕಟ್ಟುವಾಗ ಬರೆದ ಕರಾರುಪತ್ರ ಒಂದು ಉಂಟು ಸರ್. ನಮ್ಮ ಸಂವಿಧಾನ ಅದು. ಆದ್ರೆ ಯಾರಿಗೂ ಅರ್ಥ ಆಗುದಿಲ್ಲ ಮಾರಾಯ್ರೆ. ಸದರಿ ಅಂತೆ, ಪರ್ಯಂತ ಅಂತೆ, ಎಂತದ್ದೋ. ನೀವು ಅದನ್ನು ಸರಳ ಮಾಡಿ ಕೊಡ್ಬೇಕು. ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತಾಗ್ಬೇಕು.”

“ನನಗೆ ಆಸ್ಪತ್ರೆಯ ಕರಪತ್ರ ಮಾಡಿ ಅಭ್ಯಾಸ...”

“ಅದೇ ಬೇಕಾದದ್ದು! ಕಾರ್ಕಳದಲ್ಲಿ ಕಪ್ಪು ಕಲ್ಲಿನ ಮೇಲೆ ಕೆತ್ತಿಸ್ತೇವೆ. ಸಂಘದ ಮೀಟಿಂಗ್ ಹಾಲಿನ ಎದುರು ನಿಲ್ಲಿಸುದು. ಕೆಳಗೆ ನಿಮ್ಮ ಹೆಸರು.”

“ಕಲ್ಲಿನಲ್ಲಾ?”

ಆ ಒಂದು ಪ್ರಶ್ನೆಯಲ್ಲಿ ನನ್ನ ತೂಕ ಅವರಿಗೆ ಗೊತ್ತಾಗಿಹೋಯಿತು. ನನ್ನ ಕರಪತ್ರಗಳಲ್ಲಿ ನನ್ನ ಹೆಸರು ಇರುವುದಿಲ್ಲ. ಎಷ್ಟೋ ಸಲ ಬಸ್ ಸ್ಟ್ಯಾಂಡಿನಲ್ಲಿ ನೆಲಗಡಲೆ ಕೊಂಡಾಗ ಪೊಟ್ಟಣದ ಮೇಲೆ ಸಕ್ಕರೆ ಕಾಯಿಲೆಯ ಬಗ್ಗೆ ನಾನೇ ಬರೆದದ್ದನ್ನು ಓದಿಕೊಂಡು ಗಡಲೆ ತಿಂದಿದ್ದೇನೆ. ಕಲ್ಲಿನಲ್ಲಿ ಯಾರೂ ಗಡಲೆ ಕಟ್ಟುವುದಿಲ್ಲ.

ಪತ್ರವನ್ನು ಕಟ್ಟಡದಿಂದ ಹೊರಗೆ ಒಯ್ಯುವ ಕ್ರಮ ಇರಲಿಲ್ಲ. ಹಾಗಾಗಿ ಆ ಜೂನು, ಜುಲೈ ತಿಂಗಳಿನ ಭಾನುವಾರಗಳಲ್ಲಿ ಚರ್ಚಿನ ಪೂಜೆ ಮುಗಿಸಿ, ಇಗರ್ಜಿಯಿಂದ ನೇರ ಬಸ್ಸು ಹತ್ತಿ ಕಾಪುವಿಗೆ ಹೋಗುತ್ತಿದ್ದೆ. ಕಾರ್ಯದರ್ಶಿ ಬಂದು ತಗಡಿನ ಪೆಟ್ಟಿಗೆಯ ಬೀಗ ತೆಗೆದು, ನುಸಿಗುಳಿಗೆ ಸರಿಸಿ, ಕೆಂಪು ಬಟ್ಟೆ ಬಿಚ್ಚಿ, ಕಾಗದಕ್ಕೆ ಕೈಮುಗಿದು ಟೀವಿ ನೋಡಲು ಮನೆಗೆ ಹೋಗುತ್ತಿದ್ದರು. ಆ ಊರಿನಲ್ಲಿ ಆ ಕಾಗದಕ್ಕೆ ಕೈಮುಗಿಯದವರಿಲ್ಲ. ಓದಿದವರೂ ಇಲ್ಲ, ಎಂದುಕೊಂಡಿದ್ದೆ.

ಕಾಗದ ತಿಳಿ ಕಂದು. ಇಪ್ಪತ್ತೊಂದು ಕಲಮುಗಳು, ಅಂದರೆ ನಿಯಮಗಳು. ಕೊನೆಗೆ ಎರಡು ಪುಟ ತುಂಬ ಹೆಬ್ಬೆಟ್ಟಿನ ಗುರುತುಗಳು. ಅಕ್ಷರ ಬಲ್ಲ ಯಾವನೋ ಒಬ್ಬ ಗುಮಾಸ್ತ ಕೋರ್ಟಿನ ಕನ್ನಡದಲ್ಲಿ ಬರೆದುಕೊಟ್ಟದ್ದು. ಒಳಗಿನ ಮಾತೆಲ್ಲ ಆ ಹೆಬ್ಬೆಟ್ಟಿನವರದ್ದು. ಬಲೆ ನೀರಿನಲ್ಲಿರುವಾಗ ಜಗಳ ತೆಗೆಯಕೂಡದು. ಹಗ್ಗಕ್ಕೆ ಕೈ ಹಾಕಿದವನು ಯಾವ ಜಾತಿಯವನಾಗಲಿ, ದಾರಿಹೋಕನಾಗಲಿ, ಬಲೆ ದಡಕ್ಕೆ ಬಂದಾಗ ಅವನಿಗೆ ಮೀನು ಕೊಡದೆ ಕಳಿಸಕೂಡದು. ಅದು ಏಳನೇ ಕಲಮು. ಓದಿದಾಗ ಮೈ ಜುಮ್ಮೆಂದಿತು. ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ಅಪ್ಪ ಅಜೆಕಾರಿನಿಂದ ಕರೆದುಕೊಂಡು ಬಂದು ಇದೇ ದಡದಲ್ಲಿ ಕೊನೆಗಾಲದ ಒಂದು ರಂಪಣಿಯನ್ನು ತೋರಿಸಿದ್ದರು. ನಾನು ತಮಾಷೆಗೆ ಹಗ್ಗ ಹಿಡಿದಿದ್ದೆ. ಯಾರೋ ಒಬ್ಬರು ಅಂಗಿಯ ಜೋಳಿಗೆಗೆ ನಾಲ್ಕು ಬಂಗುಡೆ ಹಾಕಿದ್ದರು. ಅವರ ಪ್ರೀತಿ ಎಂದು ನಲವತ್ತು ವರ್ಷ ತಿಳಿದುಕೊಂಡಿದ್ದೆ. ಅದು ಕಾಯಿದೆ.

ಹೊರಗೆ ಹಳೆಯ ಬಲೆ ಕೊಟ್ಟಿಗೆ. ಬಲೆ ಹೋದ ಮೇಲೆ ಒಣಮೀನಿನ ಹೆಂಗಸರು ಅಲ್ಲಿ ತಮ್ಮ ಮೂಟೆಗಳನ್ನು ಇಡುತ್ತಿದ್ದರು. ಮಳೆ ಅರ್ಧ ಗಂಟೆ ಬಿಟ್ಟರೆ ಎದುರಿನ ಬಯಲಿನಲ್ಲಿ ಚಾಪೆ ಹಾಸಿ ಮೀನು ಹರಡುವುದು, ಕಡಲಿನ ಕಡೆ ಕಪ್ಪಾದ ಕೂಡಲೇ ಬೈಯುತ್ತಾ ಎತ್ತಿ ಒಳಗೆ ಓಡುವುದು. ಅವರಲ್ಲಿ ಒಬ್ಬರು ಜಲಜಕ್ಕ. ಅರವತ್ತರ ಹೆಂಗಸು. ಗಂಡ ನಾಡದೋಣಿಯಲ್ಲಿ ಹೋದವರು ಬರಲಿಲ್ಲ; ಹನ್ನೊಂದು ವರ್ಷ. ದೋಣಿ ಸಿಕ್ಕಿತ್ತು.

ಎರಡನೇ ಭಾನುವಾರ ಅವರೇ ಕಿಟಕಿಗೆ ಬಂದರು. ನಾವು ಮಾತಾಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಹಾಗೆ ಮಾಡುವಾಗ ನಾನು ಏನೇನು ಬಿಟ್ಟುಬಿಡಬಲ್ಲೆ ಎಂಬುದು ಮುಂದೆ ಗೊತ್ತಾಗಲಿದೆ.

“ಎಷ್ಟನೇದಕ್ಕೆ ಬಂದ್ರಿ ಮಾಸ್ಟ್ರೇ?”

“ನಾನು ಮಾಸ್ಟ್ರಲ್ಲ.”

“ಕನ್ನಡಕ ಉಂಟಲ್ಲ. ಎಷ್ಟನೇದು?”

“ಐದು.”

“ಹದಿನೆಂಟು ಬಂದಾಗ ಹೇಳಿ.”

ಪ್ರತಿ ಭಾನುವಾರ ಅದೇ ಪ್ರಶ್ನೆ. ಒಂಬತ್ತಕ್ಕೆ ಬಂದೆ. ಹದಿಮೂರು. ನಾನು ಪುಟ ತಿರುಗಿಸುವುದಕ್ಕೆ ಮೊದಲೇ ಹದಿನೆಂಟನೆಯದನ್ನು ಅವರು ಕಿಟಕಿಯ ಸರಳು ಹಿಡಿದು ಬಾಯಿಪಾಠ ಒಪ್ಪಿಸಿದರು. ಕೈಯಲ್ಲಿ ಮೀನಿನ ಉಪ್ಪು. ಬಾಯಿಯಲ್ಲಿ ಕೋರ್ಟಿನ ಕನ್ನಡ, ಒಂದು ಅಕ್ಷರ ಎಡವದೆ:

“ಯಾವನೊಬ್ಬ ಪಾಲುಗಾರನು ಸಮುದ್ರಕ್ಕೆ ಹೋಗಿ ತಿರುಗಿ ಬಾರದೆ ಇದ್ದ ಪಕ್ಷದಲ್ಲಿ, ಸದರಿಯವನ ಹೆಂಡತಿಯಾದವಳು ಜೀವಮಾನ ಪರ್ಯಂತ ಸಭೆಯಲ್ಲಿ ಅವನ ಚಾಪೆಯ ಮೇಲೆ ಕುಳಿತು ಅವನ ಮಾತನ್ನು ಆಡತಕ್ಕದ್ದು. ಆಕೆಯನ್ನು ಏಳು ಎಂದು ಹೇಳುವ ಹಕ್ಕು ಯಾವನಿಗೂ ಇರತಕ್ಕದ್ದಲ್ಲ.”

“ನಿಮಗೆ ಓದಲಿಕ್ಕೆ ಬರ್ತದಾ?”

“ಕೇಳ್ಲಿಕ್ಕೆ ಬರ್ತದೆ.”

ವರ್ಷವರ್ಷವೂ ಕೇಳಿದ್ದರು. ಆ ಸಂಘದಲ್ಲಿ ಒಂದು ಕ್ರಮವಿದೆ. ನೂಲಹುಣ್ಣಿಮೆಯ ದಿನ ಕಡಲಿಗೆ ಹಾಲು, ತೆಂಗಿನಕಾಯಿ ಬಿಡುವ ಮೊದಲು ಸಭೆ ಸೇರಿ ಕರಾರನ್ನು ಪೂರ್ತಿ ಓದುತ್ತಾರೆ. ಒಂದೊಂದು ಕಲಮು ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ “ಅಂದ್” ಎನ್ನಬೇಕು. ತುಳುವಿನಲ್ಲಿ ಹೌದು ಎಂದು. ಒಮ್ಮೆ ಅಂದ್ ಎಂದ ಮೇಲೆ ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ. ಒಳಗೆ ಗಂಡಸರು ಗಡಿಯಾರ ನೋಡುತ್ತಾ, ಮೊಬೈಲು ಒತ್ತುತ್ತಾ ಇಪ್ಪತ್ತೊಂದು ಸಲ ಅಂದ್ ಎನ್ನುತ್ತಿದ್ದರು. ಹೊರಗೆ ಸೂರಿನಡಿಯಲ್ಲಿ ಹೆಂಗಸರು ತೆಂಗಿನಕಾಯಿ ಹಿಡಿದುಕೊಂಡು ನಿಂತು, ಅವರೂ ಎನ್ನುತ್ತಿದ್ದರು. ವ್ಯತ್ಯಾಸ ಇಷ್ಟೇ, ಹೊರಗಿನವರು ಕೇಳಿಸಿಕೊಂಡು ಎನ್ನುತ್ತಿದ್ದರು.

“ಹಾಗಾದ್ರೆ ನೀವು ಯಾಕೆ ಒಳಗೆ ಕೂರುದಿಲ್ಲ?”

“ನನ್ನ ಅತ್ತೆ ಕೂತಿದ್ರು, ಚಾಪೆ ಇದ್ದಾಗ. ಮತ್ತೆ ಮೀಟಿಂಗಿನ ಹಾಲು ಕಟ್ಟಿದ್ರು, ಕುರ್ಚಿ ಬಂತು. ಹೊರಗೆ ಹೋಗಿ ಅಂತ ಯಾರೂ ಹೇಳ್ಲಿಲ್ಲ ನೋಡಿ. ಕೂತ್ಕೊಳ್ಳಿ ಅಂತಲೂ ಹೇಳ್ಲಿಲ್ಲ. ಹಾಗೆ ಹೊರಗೇ ಆಯ್ತು.”

“ಈಗ ಕೂರ್ಬೇಕಾ?”

ಜಲಜಕ್ಕ ಬಯಲಿನ ಕಡೆ ತಿರುಗಿದರು. “ಇದನ್ನು ಕೊಡ್ತಾರಂತೆ. ಇಲ್ಲಿ ಗಾಜಿನ ಹೋಟೆಲು ಬರ್ತದಂತೆ. ಕಡಲು ನೋಡ್ತಾ ಕಾಫಿ ಕುಡೀಲಿಕ್ಕೆ. ಕಡಲು ನೋಡ್ಲಿಕ್ಕೆ ಕಾಫಿ ಎಂತಕ್ಕೆ ಮಾಸ್ಟ್ರೇ?” ನಾನು ಉತ್ತರ ಕೊಡುವುದನ್ನು ಅವರು ಕಾಯಲಿಲ್ಲ. “ಇಪ್ಪತ್ತನೇ ಕಲಮು ಉಂಟಲ್ಲ, ಸಭೆಯಲ್ಲಿ ಕೂತವರೆಲ್ಲ ಅಂದ್ ಅನ್ನದೆ ಈ ಜಾಗ ಯಾರಿಗೂ ಕೊಡ್ಲಿಕ್ಕಿಲ್ಲ. ಒಳಗೆ ಕೂತವ್ರೆಲ್ಲ ನಿಮ್ಮ ಅಧ್ಯಕ್ಷ ದಾಮುವಿನ ಜನ. ನಾನೊಬ್ಬಳು ಅಲ್ಲಿ ಕೂತು ಬಾಯಿ ಮುಚ್ಚಿದ್ರೆ ಸಾಕು.”

“ಹೋಗಿ ಕೂರಿ ಮತ್ತೆ.”

“ಮೊನ್ನೆ ದಾಮು ಹತ್ರ ಕೇಳಿದೆ. ಆ ಹಳೇ ಭಾಷೆ ಯಾರಿಗೆ ಅರ್ಥ ಆಗ್ತದೆ ಜಲಜಕ್ಕ, ಅದ್ರಲ್ಲಿ ಹಾಗಿಲ್ಲ ಅಂತ ಹೇಳಿದ. ಅದಕ್ಕೇ ನೀವು ಬಂದದ್ದು ಒಳ್ಳೇದಾಯ್ತು. ನೀವು ಎಲ್ಲರಿಗೂ ತಿಳಿಯುವ ಹಾಗೆ ಬರೀರಿ. ಅದನ್ನು ಸಭೆಯಲ್ಲಿ ಓದ್ಲಿ. ಮತ್ತೆ ಯಾರಿಗೆ ಇಲ್ಲ ಅನ್ಲಿಕ್ಕೆ ಆಗ್ತದೆ ನೋಡುವ.”

ನಾನು ಬರೆದೆ. ಈಗಲೂ ಹೇಳುತ್ತೇನೆ, ಚೆನ್ನಾಗಿಯೇ ಬರೆದಿದ್ದೆ: “ಕಡಲಿಗೆ ಹೋದ ಸದಸ್ಯ ಮರಳಿ ಬರದಿದ್ದರೆ ಅವನ ಹೆಂಡತಿ ಸಭೆಯಲ್ಲಿ ಅವನ ಜಾಗದಲ್ಲಿ ಕೂರುತ್ತಾಳೆ. ಅವನ ಮಾತಿಗೆ ಇದ್ದ ಬೆಲೆ ಅವಳ ಮಾತಿಗೂ ಇದೆ. ಅವಳು ಬದುಕಿರುವವರೆಗೆ ಅವಳನ್ನು ಏಳು ಎನ್ನುವ ಹಕ್ಕು ಯಾರಿಗೂ ಇಲ್ಲ.” ಕಿಟಕಿಯಲ್ಲಿ ಓದಿ ಹೇಳಿದೆ. ಜಲಜಕ್ಕ, “ಚಾಪೆ ಬಿಟ್ರಿ. ಇರ್ಲಿ, ಆಗ್ಬಹುದು” ಎಂದರು. ಆ ಸಂಜೆ ಕಾಗದದಲ್ಲಿ ಸುತ್ತಿ ಒಣ ಸಿಗಡಿ ಕೊಟ್ಟರು. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರೂ ನನಗೆ ಹೆಮ್ಮೆ ಕಮ್ಮಿಯಾಗಲಿಲ್ಲ.

ಕರಡು ನೋಡಲು ಐಸ್ ಫ್ಯಾಕ್ಟರಿಯ ಆಫೀಸಿನಲ್ಲಿ ಸಮಿತಿ ಕೂತಿತು. ಏಳು ಜನ. ಇಪ್ಪತ್ತೊಂದರಲ್ಲಿ ಇಪ್ಪತ್ತು ಕಲಮುಗಳನ್ನು ಯಾರೂ ಓದಲಿಲ್ಲ. “ಫಸ್ಟ್ ಕ್ಲಾಸ್” ಎಂದು ಹಾಳೆ ಮಗುಚಿದರು. ಹದಿನೆಂಟಕ್ಕೆ ಬಂದಾಗ ದಾಮೋದರಣ್ಣ ಕನ್ನಡಕ ಹಾಕಿಕೊಂಡರು.

“ಇದು ಸ್ವಲ್ಪ ನೆಗೆಟಿವ್ ಆಯ್ತಲ್ವಾ ಸರ್? ಸಂಭ್ರಮದ ದಿನ, ಸತ್ತದ್ದು, ಹೋದದ್ದು...”

“ಮೂಲದಲ್ಲಿ ಹಾಗೇ ಉಂಟು.”

“ಮೂಲ ಇರ್ಲಿ. ಪೆಟ್ಟಿಗೆಯಲ್ಲಿ ಉಂಟಲ್ಲ, ಯಾರು ಬೇಡ ಅಂದದ್ದು? ಕಲ್ಲಿನಲ್ಲಿ ಪಾಸಿಟಿವ್ ಇರ್ಬೇಕು. ಮಹಿಳೆಯರನ್ನು ಗೌರವದಿಂದ ಕಾಣಲಾಗುವುದು. ಹೇಗೆ? ಇದನ್ನು ಹದಿನೇಳಕ್ಕೇ ಸೇರ್ಸಿ.”

“ಅದು ಒಂದೇ ಅರ್ಥ ಅಲ್ಲ.”

“ಇನ್ನೂ ಜಾಸ್ತಿ ಅರ್ಥ ಸರ್! ಬರೀ ವಿಧವೆಯರು ಯಾಕೆ, ಎಲ್ಲ ಮಹಿಳೆಯರೂ ಬಂದ್ರು.” ಆರು ತಲೆಗಳು ಹೌದೆಂದವು. “ಮತ್ತೆ ನೋಡಿ, ಇಪ್ಪತ್ತು ಕಲಮು. ರೌಂಡ್ ಆಯ್ತು.”

ಅದೆಂಥ ವಾಕ್ಯ ಎಂದು ಒಮ್ಮೆ ನೋಡಿ. ಮಹಿಳೆಯರನ್ನು ಗೌರವದಿಂದ ಕಾಣಲಾಗುವುದು. ಯಾರು ಕಾಣುವುದು? ಎಲ್ಲಿಂದ? ಬಹುಶಃ ಒಳಗಿನ ಕುರ್ಚಿಯಿಂದ, ಕಿಟಕಿಯ ಮೂಲಕ, ಹೊರಗೆ ಮಳೆಯಲ್ಲಿ ನಿಂತವರನ್ನು. ಹೆಬ್ಬೆಟ್ಟಿನವರು ಒಬ್ಬಳು ಹೆಂಗಸಿಗೆ ಕೂರಲು ಜಾಗ ಕೊಟ್ಟಿದ್ದರು. ಡಿಗ್ರಿ ಆದವರು ಅದನ್ನು ಕಿತ್ತುಕೊಂಡು ಗೌರವ ಕೊಡಲು ಹೊರಟಿದ್ದರು. ಇಷ್ಟೆಲ್ಲ ನನಗೆ ಆಗಲೇ ಹೊಳೆದಿತ್ತು. ಹೊಳೆಯಲಿಲ್ಲ ಎಂದು ಬರೆದರೆ ಈ ವಯಸ್ಸಿನಲ್ಲಿ ಇನ್ನೊಂದು ಸುಳ್ಳಾಗುತ್ತದೆ. ನಾನು ಮಾಡಿದ್ದು ಏನು? ಪೆನ್ನು ತೆಗೆದು, “ಕಾಣಲಾಗುವುದು ಅನ್ನುವುದಕ್ಕಿಂತ ಕಾಣುತ್ತೇವೆ ಅಂದರೆ ಹೆಚ್ಚು ಸರಳ” ಎಂದು ತಿದ್ದಿದೆ.

ದಾಮೋದರಣ್ಣ ನನ್ನ ಬೆನ್ನು ತಟ್ಟಿದರು. “ಇದಕ್ಕೇ ನಿಮ್ಮ ಹತ್ರ ಬಂದದ್ದು ನೋಡಿ.”

ಮರುದಿನದಿಂದ ಜ್ವರ ಎಂದು ಹೇಳಿ ಕಳಿಸಿ ಎರಡು ಭಾನುವಾರ ಕಾಪುವಿಗೆ ಹೋಗಲಿಲ್ಲ. ಥರ್ಮಾಮೀಟರು ಇಟ್ಟು ನೋಡಿದೆ, ಜ್ವರ ಇರಲಿಲ್ಲ. ಅದಕ್ಕೂ ಚಿಂತೆಯಾಯಿತು. ಐರಿನಳಿಗೆ ವಿಷಯ ಹೇಳಿದೆ. ಅವಳು ಅಡುಗೆ ಮನೆಯಿಂದಲೇ, “ಆ ಹೆಂಗಸಿಗೆ ಹೇಳಿದ್ರಾ?” ಎಂದಳು.

“ಸಮಯ ನೋಡಿ ಹೇಳ್ಬೇಕು.”

“ಸಿಗಡಿ ತಿನ್ನುವಾಗ ಸಮಯ ನೋಡಿದ್ರಾ?”

ಜುಲೈ ಕೊನೆಗೆ ಕಾರ್ಕಳಕ್ಕೆ ಹೋದೆ, ಕಲ್ಲು ನೋಡಲು. ಶೆಡ್ಡಿನ ಸುತ್ತ ಅರ್ಧಂಬರ್ಧ ದೇವರುಗಳು ಮಳೆಯಲ್ಲಿ ನೆನೆಯುತ್ತಿದ್ದವು. ಕೆತ್ತುವ ಆಚಾರ್ರು ತಲೆ ಎತ್ತದೆ ಕೇಳಿದರು: “ಮೊದಲು ಇಪ್ಪತ್ತೊಂದು ಅಂತ ಅಳತೆ ಕೊಟ್ಟದ್ದು. ಒಂದು ಎಲ್ಲಿ ಹೋಯ್ತು?”

“ಸೇರಿಸಿದ್ದೇವೆ.”

“ಸೇರಿಸಿದ್ರೆ ಅಕ್ಷರ ಜಾಸ್ತಿ ಆಗ್ಬೇಕಲ್ಲ. ಇದು ಕಮ್ಮಿ ಆಗಿದೆ. ಕೆಳಗೆ ಒಂದು ಗೇಣು ಖಾಲಿ ಬರ್ತದೆ.”

ಆ ಖಾಲಿಯನ್ನು ನೋಡಿದೆ. ನುಣುಪಾದ ಕಪ್ಪು. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಆಗ ನನ್ನ ಬಾಯಿಯಿಂದ ಬಂದ ಮಾತನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ: “ಹಾಗಾದ್ರೆ ಹೆಸರನ್ನು ಸ್ವಲ್ಪ ದೊಡ್ಡದು ಮಾಡ್ಬಹುದಲ್ವಾ?”

ದೊಡ್ಡದು ಮಾಡಿದರು. ಸರಳ ಕನ್ನಡಕ್ಕೆ: ವಲೇರಿಯನ್. ಮೂರು ಬೆರಳು ಎತ್ತರದ ಅಕ್ಷರ.

ನೂಲಹುಣ್ಣಿಮೆಯ ದಿನ ಬೆಳಿಗ್ಗೆ ಮಳೆ ಇರಲಿಲ್ಲ. ಕಡಲು ಮಾತ್ರ ಮಣ್ಣಿನ ಬಣ್ಣಕ್ಕೆ ತಿರುಗಿ ಗುಡುಗುತ್ತಿತ್ತು. ಹಾಲಿನ ಎದುರು ಕಲ್ಲು, ಕಲ್ಲಿನ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಹಾರ. ಕುರ್ಚಿಗಳಿಗೆ ಬಿಳಿ ಗವಸು. ವೇದಿಕೆಯಲ್ಲಿ ಒಂಬತ್ತು ಜನ ಗಣ್ಯರು. ಗಾಜಿನ ಹೋಟೆಲು ಕಟ್ಟುವವರು ನಡುವಿನಲ್ಲಿ. ಸೂರಿನಡಿ ಹೆಂಗಸರು. ಜಲಜಕ್ಕನ ಕಂಕುಳಲ್ಲಿ ಸುರುಳಿ ಸುತ್ತಿದ ಚಾಪೆ. ನನ್ನನ್ನು ಕಂಡು ನಕ್ಕರು. “ಜ್ವರ ಬಿಟ್ತಾ ಮಾಸ್ಟ್ರೇ? ಚಾಪೆ ತೊಳೆದು ತಂದಿದ್ದೇನೆ. ಆದ್ರೂ ಸ್ವಲ್ಪ ನಾರ್ತದೆ.”

ಹೇಳಲು ಅದು ಕೊನೆಯ ಅವಕಾಶ. ನಾನು “ಒಳಗೆ ಕರೀತಾರೆ” ಎಂದು ಒಳಗೆ ನುಗ್ಗಿದೆ.

ಹೊಸ ಕರಾರನ್ನು ಓದುವ ಗೌರವ ನನಗೇ. ಶಾಲು ಹೊದೆಸಿದರು. ಓದಿದೆ. ಒಂದು. “ಅಂದ್.” ಎರಡು. “ಅಂದ್.” ಒಳಗಿನವರು ಎಂದಿನಂತೆ ಆಕಳಿಸುತ್ತಲೇ ಎನ್ನುತ್ತಿದ್ದರು. ದಾಮೋದರಣ್ಣ ಇನ್ನೊಂದು ಮೈಕಿನ ಎದುರು ಕೂತು ಎಲ್ಲರಿಗಿಂತ ಅರ್ಧ ಕ್ಷಣ ಮುಂಚೆ ಎನ್ನುತ್ತಿದ್ದರು. ಸಭೆಯನ್ನು ಎಳೆದುಕೊಂಡು ಹೋಗುವುದು ಅಧ್ಯಕ್ಷರ ಕರ್ತವ್ಯ. ಹೊರಗಿನ ದನಿಯೂ ಕೇಳುತ್ತಿತ್ತು. ಏಳು, ಹತ್ತು, ಹದಿನಾರು. ಹದಿನೇಳರ ಬಾಲಕ್ಕೆ ಮಹಿಳೆಯರನ್ನು ಗೌರವದಿಂದ ಕಾಣುತ್ತೇವೆ ಎಂದು ಕಟ್ಟಿದ್ದನ್ನು ಆದಷ್ಟು ಬೇಗ ಓದಿ ಮುಗಿಸಿದೆ. “ಅಂದ್.” ಉಸಿರು ತೆಗೆದುಕೊಂಡೆ. ಮುಂದೆ ನನ್ನ ಹಾಳೆಯಲ್ಲಿ ಇದ್ದದ್ದು ಮೂಲದ ಹತ್ತೊಂಬತ್ತು. ಅದರ ಮೊದಲ ಎರಡು ಮಾತು ಹೇಳಿದ್ದೆ, ಅಷ್ಟರಲ್ಲಿ ಹೊರಗಿನಿಂದ, ಮೈಕಿಲ್ಲದೆ:

“ಯಾವನೊಬ್ಬ ಪಾಲುಗಾರನು ಸಮುದ್ರಕ್ಕೆ ಹೋಗಿ ತಿರುಗಿ ಬಾರದೆ ಇದ್ದ ಪಕ್ಷದಲ್ಲಿ...”

ನಾನು ನಿಲ್ಲಿಸಿದೆ. ಆ ದನಿ ನಿಲ್ಲಲಿಲ್ಲ. ಹಳೆಯ ಓಟ, ಹಳೆಯ ಏರಿಳಿತ. ಹುಟ್ಟಿದಂದಿನಿಂದ ಎಲ್ಲರ ಕಿವಿಯಲ್ಲಿ ಇದ್ದದ್ದು. ಸದರಿಯವನ ಹೆಂಡತಿಯಾದವಳು, ಜೀವಮಾನ ಪರ್ಯಂತ, ಅವನ ಚಾಪೆಯ ಮೇಲೆ. ಯಾರೂ ತಡೆಯಲಿಲ್ಲ, ಏಕೆಂದರೆ ಯಾರೂ ಕೇಳುತ್ತಿರಲಿಲ್ಲ. ಎಷ್ಟೋ ವರ್ಷದಿಂದ ಅದನ್ನು ಕೇಳದೆಯೇ ಕೇಳಿ ಅವರಿಗೆ ಅಭ್ಯಾಸ. “ಏಳು ಎಂದು ಹೇಳುವ ಹಕ್ಕು ಯಾವನಿಗೂ ಇರತಕ್ಕದ್ದಲ್ಲ” ಎಂದು ದನಿ ಕೆಳಗಿಳಿದು ನಿಂತದ್ದೇ ತಡ, ಇಡೀ ಹಾಲು ಒಂದೇ ಗಂಟಲಿನಲ್ಲಿ ಹೇಳಿತು:

“ಅಂದ್.”

ಎಲ್ಲರಿಗಿಂತ ಅರ್ಧ ಕ್ಷಣ ಮುಂಚೆ, ಮೈಕಿನಲ್ಲಿ, ದಾಮೋದರಣ್ಣ. ಅವರ ಅಂದ್ ಲೌಡ್‌ಸ್ಪೀಕರಿನಿಂದ ಹೊರಟು ಕಡಲ ದಡದ ದೀಪಸ್ತಂಭದ ಕಡೆಗೆ ಹೋಯಿತು.

ತಾವು ಏನು ಹೇಳಿದೆವು ಎಂದು ಅಷ್ಟು ಜನ ಗಂಡಸರು ಒಟ್ಟಿಗೆ ಯೋಚಿಸಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಜಲಜಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದರು. ಮೊದಲ ಸಾಲಿನ ಬಿಳಿ ಗವಸಿನ ಕುರ್ಚಿಗಳ ಎದುರು ಚಾಪೆ ಬಿಡಿಸಿದರು. ಒಣಮೀನಿನ ವಾಸನೆ ಗಣ್ಯರತ್ತ ಹರಡಿತು.

“ಜಲಜಕ್ಕ, ಇದೆಂತ? ಕಾರ್ಯಕ್ರಮ ನಡೀತಾ ಉಂಟು...” ದಾಮೋದರಣ್ಣ ಮೈಕಿಗೆ ಕೈ ಅಡ್ಡ ಹಿಡಿದರು.

“ನಡೀಲಿ ದಾಮು. ನಾನು ಕೂತೆ, ಅಷ್ಟೇ.”

“ಇದು ಹೊಸದರಲ್ಲಿ ಇಲ್ಲ. ಸರ್, ಹೇಳಿ ನೀವು, ಇಲ್ಲ ಅಲ್ವಾ?”

ಎಲ್ಲರೂ ನನ್ನನ್ನು ನೋಡಿದರು. ಹೆಗಲ ಮೇಲೆ ಶಾಲು. ಹಾಳೆ ಮಗುಚಿ ಅದರ ಖಾಲಿ ಹಿಂಬದಿ ನೋಡಿದೆ. ಜಲಜಕ್ಕನೂ ನನ್ನನ್ನು ನೋಡಿದರು, ಸಿಟ್ಟಿನಿಂದ ಅಲ್ಲ. ಮಾರುಕಟ್ಟೆಯಲ್ಲಿ ಮೀನಿನ ಕಿವಿರು ಎತ್ತಿ ನೋಡಿ ಪುನಃ ಬುಟ್ಟಿಗೆ ಹಾಕುತ್ತಾರಲ್ಲ, ಹಾಗೆ.

ಹಿಂದಿನ ಸಾಲಿನಿಂದ ಹಲ್ಲಿಲ್ಲದ ಮುದುಕರೊಬ್ಬರು ಎದ್ದರು. “ಹೊಸತು ಹಳತು ಬಿಡು ಮಾರಾಯ. ಅಂದ್ ಹೇಳಿ ಆಯ್ತಲ್ಲ. ನೀನೇ ಮೊದಲು ಹೇಳಿದ್ದು, ಅದೂ ಮೈಕಿನಲ್ಲಿ. ಈಗ ಏಳು ಅಂತ ಹೇಳುವ ಗಂಡಸು ಯಾರುಂಟು, ಹೇಳು ನೋಡುವ.”

ನಾನು ಉಳಿದದ್ದನ್ನು ಓದಿ ಮುಗಿಸಿದೆ. ಬಯಲನ್ನು ಹೋಟೆಲಿಗೆ ಬಿಡುವ ನಿರ್ಣಯವನ್ನು ಕಾರ್ಯದರ್ಶಿ ಓದಿದರು. “ಅಂದ್” ಎಂದಿತು ಹಾಲು, ಈ ಸಲ ಸ್ವಲ್ಪ ಚದುರಿದ ದನಿಯಲ್ಲಿ. ಚಾಪೆಯಿಂದ ಏನೂ ಬರಲಿಲ್ಲ. ಕಾರ್ಯದರ್ಶಿ ಇನ್ನೊಮ್ಮೆ ಓದಿದರು. ಜಲಜಕ್ಕ ಸೀರೆಯ ಸೆರಗಿನಿಂದ ಒಂದು ಮೀನಿನ ಹುರುಪೆ ತೆಗೆದು ನೋಡುತ್ತಾ ಕೂತಿದ್ದರು. ಮೂರನೇ ಸಲ ಓದುವುದಕ್ಕೆ ಕಾರ್ಯದರ್ಶಿಗೆ ಮನಸ್ಸು ಬರಲಿಲ್ಲ. ಗಾಜಿನ ಹೋಟೆಲಿನವರು ಗಡಿಯಾರ ನೋಡಿ ಎದ್ದರು. ಕಲ್ಲಿನ ಬಟ್ಟೆ ತೆಗೆಯುವಾಗ ಚಪ್ಪಾಳೆ ತಟ್ಟಿದವರು ನಾಲ್ಕೈದು ಜನ. ನಾನೂ ತಟ್ಟಿದೆ ಎಂದು ಐರಿ‌ನ್‌ಗೆ ಈವರೆಗೆ ಹೇಳಿಲ್ಲ.

ಆಮೇಲೆ ನಾಲ್ಕು ವರ್ಷ ಆ ಕಡೆ ಹೋಗಿರಲಿಲ್ಲ. ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕಾಪು ಬಂದಾಗ ಮೊಬೈಲು ತೆಗೆದು ಓದುವ ನಟನೆ ಮಾಡುತ್ತಿದ್ದೆ.

ಮದುವೆ ಮುಗಿದ ವಾರವೇ ನೂಲಹುಣ್ಣಿಮೆ ಬಂತು. ಮಂಚದಡಿಯ ಗುಳಿಗೆಗಳನ್ನು ಐರಿನ್ ಬೇಕೆಂದೇ ಗುಡಿಸಿರಲಿಲ್ಲವೋ ಏನೋ, ಕೋಣೆಯ ವಾಸನೆ ಹೋಗಿರಲಿಲ್ಲ. ಹೋದೆ.

ಗಾಜಿನ ಹೋಟೆಲು ಪಡುಬಿದ್ರಿಯ ಕಡೆ ಎಲ್ಲೋ ಎದ್ದಿದೆಯಂತೆ. ಬಯಲಿನಲ್ಲಿ ಚಾಪೆಗಳಿದ್ದವು. ಕಲ್ಲು ನಿಂತಲ್ಲೇ ಇತ್ತು. ಇಪ್ಪತ್ತು ಕಲಮು, ಕೆಳಗೆ ಮೂರು ಬೆರಳು ಎತ್ತರದ ನಾನು. ಅದರ ನೆತ್ತಿಯ ಮೇಲೆ ಯಾರೋ ಸೊಳ್ಳೆಬಲೆಯ ತುಂಡಿನಲ್ಲಿ ಸಿಗಡಿ ಒಣಗಲು ಇಟ್ಟಿದ್ದರು. ಕಪ್ಪು ಕಲ್ಲು ಬೇಗ ಕಾಯುತ್ತದೆ. ಕಲ್ಲಿಗೆ ಒಂದಾದರೂ ಉಪಯೋಗ ಸಿಕ್ಕಿತಲ್ಲ ಎಂದುಕೊಂಡೆ.

ಹಾಲಿನ ಒಳಗೆ ಕುರ್ಚಿಗಳ ಎದುರು ಈಗ ಮೂರು ಚಾಪೆಗಳು. ನಡುವಿನದರಲ್ಲಿ ಜಲಜಕ್ಕ, ಸ್ವಲ್ಪ ಬಾಗಿದ್ದರು. ದಾಮೋದರಣ್ಣ ಈಗಲೂ ಅಧ್ಯಕ್ಷರೇ. ನನ್ನನ್ನು ಕಂಡು ಏನೂ ಆಗಿಲ್ಲದವರಂತೆ ಕೈ ಬೀಸಿದರು. ಅವರಿಗೆ ನಿಜವಾಗಿಯೂ ಏನೂ ಆಗಿರಲಿಲ್ಲ. ಕಾರ್ಯದರ್ಶಿ ತಗಡಿನ ಪೆಟ್ಟಿಗೆಯ ಬೀಗ ತೆಗೆಯುತ್ತಿದ್ದರು. ಪುನಃ ಹಳೆಯ ಕಾಗದವನ್ನೇ ಓದುವುದೆಂದು ಆಗಿದೆಯಂತೆ.

ನಾನು ಬಾಗಿಲಿನಲ್ಲಿ ಚಪ್ಪಲಿ ಬಿಚ್ಚಲು ಬಗ್ಗಿದೆ.

“ಎಂತ ಮಾಸ್ಟ್ರೇ, ಒಳಗೆ ಬರ್ಲಿಕ್ಕೆ ನೋಡುದಾ?” ಜಲಜಕ್ಕ ತಿರುಗಿದ್ದರು. ಕಣ್ಣಿನಲ್ಲಿ ನಗೆ ಇತ್ತು, ದನಿಯಲ್ಲಿ ಇರಲಿಲ್ಲ. “ಹಗ್ಗಕ್ಕೆ ಕೈ ಹಾಕಿದವರಿಗೆ ಏಳನೇ ಕಲಮು ಉಂಟು. ಕತ್ತರಿ ಹಾಕಿದವರಿಗೆ ಎಂತದೂ ಇಲ್ಲ. ಅಲ್ಲೇ ನಿಲ್ಲಿ.”

ಸೂರಿನಡಿಯ ಹೆಂಗಸರು ನಕ್ಕು, ಸ್ವಲ್ಪ ಸರಿದು ಜಾಗ ಕೊಟ್ಟರು. ಮಳೆ ಸಣ್ಣಗೆ ಶುರುವಾಗಿತ್ತು. ಹೆಂಚಿನ ನೀರು ಸರಿಯಾಗಿ ನನ್ನ ಎಡ ಹೆಗಲಿನ ಮೇಲೆ ಬೀಳುತ್ತಿತ್ತು. ನೆಗಡಿಯಾದೀತು ಎಂದು ಚಿಂತೆಯಾಯಿತು. ಒಳಗೆ ಓದು ಶುರುವಾಯಿತು. ಒಂದೊಂದಕ್ಕೂ ಅಂದ್. ನಾನು ಬಾಯಿ ಬಿಡಲಿಲ್ಲ. ಬಿಡುವ ಯೋಗ್ಯತೆ ಉಂಟೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಹದಿನೇಳು ಮುಗಿಯಿತು. ಕಾರ್ಯದರ್ಶಿ ಹದಿನೆಂಟನ್ನು ಓದಿದರು. ಇರತಕ್ಕದ್ದಲ್ಲ ಎಂದು ನಿಲ್ಲಿಸಿದರು. ಒಳಗಿನವರು, ಹೊರಗಿನವರು ಒಟ್ಟಿಗೆ ಹೇಳಿ ಆದ ಮೇಲೆ, ಅರ್ಧ ಕ್ಷಣ ತಡವಾಗಿ, ನನ್ನ ಗಂಟಲಿನಿಂದಲೂ ಒಂದು ಅಂದ್ ಹೊರಟಿತು.

ಪಕ್ಕದಲ್ಲಿ ತೆಂಗಿನಕಾಯಿ ಹಿಡಿದುಕೊಂಡು ನಿಂತಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಜೋರಾಗಿ ಹೇಳಿ ಮಾರಾಯ್ರೆ,” ಎಂದಳು, “ಒಳಗೆ ಕೇಳ್ಬೇಕಲ್ಲ.”